ಡಾಕ್ಟರಮ್ಮ ಗಾಡಿ ನೋಡಿದ್ದು

ಅಜ್ಜಂಪುರದಲ್ಲಿ ದನಗಳ ಆಸ್ಪತ್ರೆ ಇಟ್ಟುಕೊಂಡಿರುವ ಡಾಕ್ಟರ್ ಸ್ಫೂರ್ತಿ ಹೋದ ವರ್ಷ ಒಂದು ಹಳೇ ಕಾರು ಕೊಂಡು ಊರ ಬಾಯಿಗೆ ಬಿದ್ದಿದ್ದಳು. ಪರಿಚಯದವರ ಮಾತು ನಂಬಿ, ಬಾನೆಟ್ಟು ಕೂಡ ಎತ್ತಿ ನೋಡದೆ ತಂದ ಕಾರು ಅದು. ಮೂರೇ ತಿಂಗಳಿಗೆ ನಡುರಸ್ತೆಯಲ್ಲಿ ಇಂಜಿನ್ ಕಟ್ಟಿಕೊಂಡು ನಿಂತಿತು. ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಪೇಟೆಬೀದಿಯಲ್ಲಿ ಎಳೆದು ತರುವಾಗ ಒಳಗೆ ಸ್ಟೀರಿಂಗ್ ಹಿಡಿದು ಕೂತಿದ್ದ ಸ್ಫೂರ್ತಿಯನ್ನು ನೋಡದವರೇ ಇರಲಿಲ್ಲ. ಅವತ್ತು ಊಟಕ್ಕೆ ಕೂತಾಗ ಅಣ್ಣ ರಾಜಶೇಖರ್, "ನೀನು ದನ ನೋಡ್ಕೊಂಡಿರು ತಾಯಿ, ಗಾಡಿ ನೋಡೋದು ನಮಗೆ ಬಿಡು" ಎಂದು ನಕ್ಕಿದ್ದ. ತಮಾಷೆಗೇ ಅಂದದ್ದು. ಆದರೆ ಆ ಮಾತು ಅವಳ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತ್ತು.

ಹಾಗೆಂದು ಗಾಡಿ ಇಲ್ಲದೆ ಅವಳಿಗೆ ನಡೆಯುವಂತಿರಲಿಲ್ಲ. ಕಾರ್ತಿಕದಲ್ಲಿ ಎಮ್ಮೆದೊಡ್ಡಿ ಕಾವಲಿನ ಕಡೆ ಒಂದು ಹಸುವಿಗೆ ಕರು ಅಡ್ಡ ತಿರುಗಿತ್ತು. ಆಸ್ಪತ್ರೆಗೆ ತಂದು ಹೊಟ್ಟೆ ಕೊಯ್ದು ತೆಗೆಯಬೇಕಾದ ಕೇಸು. ಬಾಡಿಗೆ ಗಾಡಿಯವನು ಕಲ್ಲುದಾರಿ ನೋಡಿ ಕಾವಲಿಗೆ ಇಳಿಯುವುದಿಲ್ಲ ಎಂದುಬಿಟ್ಟ. ಬೇರೆ ಗಾಡಿ ಬರುವಷ್ಟರಲ್ಲಿ ಹಸುವೂ ಹೋಯಿತು, ಕರುವೂ ಹೋಯಿತು. ಅವತ್ತೇ ಸ್ಫೂರ್ತಿ ತೀರ್ಮಾನ ಮಾಡಿದಳು. ಎರಡು ದನ ನಿಲ್ಲುವಂಥ ತಗ್ಗು ಟ್ರೈಲರ್ ಮಾಡಿಸಬೇಕು. ಅದನ್ನು ಹಳ್ಳಕೊಳ್ಳದಲ್ಲಿ ಎಳೆಯುವಂಥ, ಲಾರಿಯಂಥ ಚಾಸಿಯ, ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಹೋಗುವ ದೊಡ್ಡ ಎಸ್‌ಯುವಿ ಬೇಕು. ಹೊಸದು ಅವಳ ಕೈಗೆ ಎಟುಕುವ ಮಾತಲ್ಲ. ಹಳೆಯದೇ ಆಗಬೇಕು. ಹಳೆಯದನ್ನು ಈ ಸಲ ತಾನೇ ನೋಡಬೇಕು.

ಅವಳ ಸೋದರಮಾವ ರುದ್ರಮೂರ್ತಿ ಕಡೂರಿನಲ್ಲಿ ನಲವತ್ತು ವರ್ಷ ಗ್ಯಾರೇಜು ನಡೆಸಿದ್ದವರು. ಈಗ ಮಂಡಿ ನೋವು, ಸ್ಪ್ಯಾನರ್ ಕೆಳಗಿಟ್ಟಿದ್ದರು. ಸ್ಫೂರ್ತಿ ಎರಡು ತಿಂಗಳು ಪ್ರತಿ ಭಾನುವಾರ ಅವರ ಹತ್ತಿರ ಹೋಗಿ, ಹಳೇ ಚೂಡಿದಾರ ತೊಟ್ಟು, ಸಿಕ್ಕ ಸಿಕ್ಕ ಗಾಡಿಯ ಕೆಳಗೆ ಚಾಪೆ ಹಾಸಿಕೊಂಡು ಮಲಗಿ ಪಾಠ ಹೇಳಿಸಿಕೊಂಡಳು. ಕೊನೆಗೆ ಒಂದು ಶನಿವಾರ ರುದ್ರಮೂರ್ತಿ, "ನಾಳೆ ಎರಡು ಗಾಡಿ ನೋಡೋಕೆ ಹೋಗೋಣ. ನಾನು ಬತ್ತೀನಿ, ಆದ್ರೆ ಬಾಯಿ ಬಿಡಲ್ಲ. ನೀನು ತಪ್ಪಿದ್ರೆ ಒಂದ್ಸಲ ಕೆಮ್ತೀನಿ, ಅಷ್ಟೇ" ಎಂದರು.

ಮೊದಲನೆಯದು ಕಡೂರಿನಲ್ಲೇ, ಹೆದ್ದಾರಿ ಬದಿಯಲ್ಲಿ ಪರಮೇಶ್ ಎಂಬಾತ ಹಳೇ ಗಾಡಿಗಳನ್ನು ಸಾಲಾಗಿ ನಿಲ್ಲಿಸಿಕೊಂಡಿದ್ದ ಜಾಗದಲ್ಲಿತ್ತು. ಹಾಲಿನಂಥ ಬಿಳಿ ಬಣ್ಣ, ಎಂಟು ವರ್ಷದ್ದು, ಟೈರಿಗೂ ಕಪ್ಪು ಪಾಲಿಶ್ ಹಚ್ಚಿ ಮದುವೆಮನೆಗೆ ಹೊರಟಂತೆ ನಿಂತಿತ್ತು. ಪರಮೇಶ್ ಸೀದಾ ರುದ್ರಮೂರ್ತಿಯವರ ಹತ್ತಿರ ಬಂದ.

"ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ, ಒಂದು ರೌಂಡು ಹೋಗಿ ಬರೋಣ. ಒಬ್ಬರೇ ಓಡ್ಸಿರೋ ಗಾಡಿ."

"ತಗೊಳ್ಳೋಳು ಅವಳು. ಅವಳ್ನ ಕೇಳಪ್ಪ" ಎಂದು ರುದ್ರಮೂರ್ತಿ ನೆರಳಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತುಬಿಟ್ಟರು.

ಸ್ಫೂರ್ತಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಬಿಸಿಯಾಗಿತ್ತು. ಬೆಳಗ್ಗೆ ಒಂಬತ್ತು ಗಂಟೆ. ತಣ್ಣಗಿರುವ ಇಂಜಿನ್ ಮೊದಲ ಸಲ ಹೇಗೆ ಸ್ಟಾರ್ಟ್ ಆಗುತ್ತದೆ ಎನ್ನುವುದರಲ್ಲೇ ಅದರ ಅರ್ಧ ಜಾತಕ ಗೊತ್ತಾಗುತ್ತದೆಂದು ಮಾವ ಹೇಳಿಕೊಟ್ಟಿದ್ದರು.

"ಫೋನ್ ಮಾಡಿ ಹೇಳಿದ್ದೆನಲ್ಲ, ಸ್ಟಾರ್ಟ್ ಮಾಡ್ಬೇಡಿ ಅಂತ?"

"ತೊಳ್ಸೋಕೆ ತಗೊಂಡೋಗಿದ್ವಿ ಮೇಡಂ. ನೀವು ಬತ್ತೀರಾ ಅಂತ ನೀಟಾಗಿರ್ಲಿ ಅಂತ."

ಅವಳು ಬಾಗಿಲು ತೆಗೆದಳು. ಮಲ್ಲಿಗೆ ಸೆಂಟಿನ ವಾಸನೆ ಮೂಗಿಗೆ ಬಡಿಯಿತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು, ಮಳೆಗಾಲದಲ್ಲಿ ಒಣಗದ ಗೋಣಿಚೀಲದ್ದು. ಇಪ್ಪತ್ತು ವರ್ಷ ದನದ ಗಾಯ ಮೂಸಿದ ಮೂಗಿಗೆ ಸೆಂಟು ಮೋಸ ಮಾಡಲಾರದು. ಅವಳು ಸೀಟು ಬೆಲ್ಟನ್ನು ಹಿಡಿದು ನಿಧಾನವಾಗಿ ಎಳೆದಳು. ಎಲ್ಲರೂ ಎದೆಗೆ ಬರುವಷ್ಟು ಎಳೆದು ಬಿಡುತ್ತಾರೆ. ಅವಳು ಸುರುಳಿ ಮುಗಿದು ಇನ್ನು ಬಾರದು ಎನ್ನುವವರೆಗೂ ಎಳೆದಳು. ಕೊನೆಯ ಒಂದು ಮೊಳ ಮಣ್ಣುಬಣ್ಣಕ್ಕೆ ತಿರುಗಿತ್ತು. ಹಿಂದಿನ ಸಾಲಿನ ಬೆಲ್ಟು ಎಳೆದಳು, ಹಾಗೆಯೇ. ಮೂರನೆಯ ಸಾಲೂ ಹಾಗೆಯೇ. ಸೀಟಿನ ಕೆಳಗೆ ಟಾರ್ಚು ಬಿಟ್ಟರೆ ಬೋಲ್ಟುಗಳೆಲ್ಲ ತುಕ್ಕು ಹಿಡಿದು ಕೆಂಪಾಗಿದ್ದವು.

"ಪರಮೇಶ್ ಅವ್ರೇ, ಈ ಗಾಡಿ ಎಲ್ಲೋ ನೆರೆ ನೀರಲ್ಲಿ ಮುಳುಗಿ ಎದ್ದಿದೆ."

"ಅಯ್ಯೋ, ಯಾರೋ ಟೀ ಚೆಲ್ಲಿರ್ಬೇಕು ಮೇಡಂ!"

"ಮೂರು ಸಾಲಿಗೂ ಒಂದೇ ಎತ್ತರಕ್ಕೆ ಚೆಲ್ಲಿದ್ರಾ?"

ಪರಮೇಶ್ ರುದ್ರಮೂರ್ತಿಯವರ ಮುಖ ನೋಡಿದ. ಅವರು ಆಕಾಶ ನೋಡುತ್ತಿದ್ದರು.

ಬಸ್ ಸ್ಟ್ಯಾಂಡಿನವರೆಗೆ ನಡೆಯುತ್ತಾ ಸ್ಫೂರ್ತಿ, "ನೀವು ಕೆಮ್ಮಲೇ ಇಲ್ವಲ್ಲ ಮಾವ?" ಎಂದಳು.

"ಕೆಮ್ಮೋಕೆ ಜಾಗ ಎಲ್ಲಿ ಕೊಟ್ಟೆ ಕಣೇ ನೀನು? ಆ ಬೆಲ್ಟು ಪೂರ್ತಿ ಎಳೆಯೋದು ನಾನೇ ಹೇಳ್ಕೊಟ್ಟಿರ್ಲಿಲ್ಲ."

"ಹಗ್ಗ ಬಿಗಿದ ಗಾಯ ಹಗ್ಗದ ಕೆಳಗೇ ಇರೋದು ಮಾವ. ಬಿಚ್ಚಿ ನೋಡ್ಬೇಕು" ಎಂದಳು ಸ್ಫೂರ್ತಿ. ಅವಳಿಗೆ ಒಂದು ವರ್ಷದಿಂದ ಬಗ್ಗಿದ್ದ ಬೆನ್ನು ನೆಟ್ಟಗಾದಂತೆ ಅನ್ನಿಸುತ್ತಿತ್ತು.

ಎರಡನೆಯ ಗಾಡಿ ಬುಕ್ಕಾಂಬುಧಿಯಲ್ಲಿತ್ತು. ಎರಡು ಬಸ್ಸು ಬದಲಾಯಿಸಿ ಅವರು ಅಲ್ಲಿ ಇಳಿಯುವಾಗ ಮಧ್ಯಾಹ್ನ ಹನ್ನೆರಡಾಗಿತ್ತು. ಗಾಡಿಯ ಒಡತಿ ಕಾಮಾಕ್ಷಮ್ಮ ತೆಂಗಿನ ತೋಟದ ಬಾಗಿಲಲ್ಲೇ ಕಾಯುತ್ತಿದ್ದರು. ಐವತ್ತೈದರ ಗಟ್ಟಿ ಹೆಂಗಸು. ಗಂಡ ಬೋರ್‌ವೆಲ್ ಕೊರೆಸುವ ಕಂಟ್ರಾಕ್ಟರು. ಪೈಪು, ಹಗ್ಗ, ಪಂಪು ಎಲ್ಲವನ್ನೂ ಹನ್ನೊಂದು ವರ್ಷ ಈ ಗಾಡಿಯೇ ಹೊತ್ತಿತ್ತು. ಈಗ ಹೊಸ ಲಾರಿ ಬಂದಿದೆ, ಗಂಡ ಪಂಚನಹಳ್ಳಿ ಕಡೆ ಕೆಲಸದಲ್ಲಿದ್ದಾರೆ, ಆರ್‌ಸಿ ಮಾತ್ರ ತನ್ನ ಹೆಸರಲ್ಲೇ ಇದೆ ಎಂದು ಅವರೇ ಹೇಳಿದರು.

ಗಾಡಿ ನೋಡಿ ಸ್ಫೂರ್ತಿಯ ಉತ್ಸಾಹ ಅರ್ಧ ಇಳಿಯಿತು. ಬೂದು ಬಣ್ಣ ಬಿಸಿಲಿಗೆ ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ಎಡಗಡೆಯ ಬಾಗಿಲಿಗೆ ತೆಂಗಿನಕಾಯಿ ಬಿದ್ದು ಬಟ್ಟಲಿನಷ್ಟು ಗುಳಿ. ಕಾಮಾಕ್ಷಮ್ಮನ ಮಗ ಹೊನ್ನೇಶ್ ತನ್ನ ಹೊಸ ಕಾರಿಗೆ ಒರಗಿ ನಿಂತು, "ನಾನಂತೂ ಗುಜರಿಗೆ ಹಾಕಮ್ಮ ಅಂದಿದ್ದೆ. ಇಷ್ಟ ಆದ್ರೆ ತಗೊಂಡೋಗಿ ಮೇಡಂ, ಜಾಗ ಖಾಲಿಯಾದ್ರೆ ಸಾಕು" ಎಂದ.

ಸ್ಫೂರ್ತಿ ಬಾನೆಟ್ಟಿನ ಮೇಲೆ ಕೈಯಿಟ್ಟಳು. ಕಲ್ಲಿನಂತೆ ತಣ್ಣಗಿತ್ತು. ಕೀ ತಿರುಗಿಸಿದಳು. ಗಾಡಿ ಒಂದೇ ಒಂದು ಸಲ ಮುಲುಗಿ ಸ್ಟಾರ್ಟ್ ಆಯಿತು. ಹಿಂದೆ ತೆಳುವಾಗಿ ಹೊಗೆ ಬಂದು ಕರಗಿಹೋಯಿತು. ಅವಳು ಇಳಿದು ಬಂದು, ಇಂಜಿನ್ ಓಡುತ್ತಿರುವಂತೆಯೇ ಆಯಿಲ್ ಮುಚ್ಚಳ ಬಿಚ್ಚಿ, ತೂತಿನ ಮೇಲೆ ಮುಚ್ಚಳವನ್ನು ಸುಮ್ಮನೆ ಇಟ್ಟಳು. ಒಳಗೆ ಸವೆದ ಇಂಜಿನ್ ಆದರೆ ಅದನ್ನು ಹಾರಿಸಿ ಬೀಳಿಸುತ್ತದೆ. ಮುಚ್ಚಳ ಅಲ್ಲೇ ಸಣ್ಣಗೆ ನಡುಗುತ್ತಾ ಕೂತಿತ್ತು. ಚೀಲದಿಂದ ಅಯಸ್ಕಾಂತ ತೆಗೆದು ಮೈಯೆಲ್ಲ ಇಟ್ಟು ನೋಡಿದಳು. ಎಲ್ಲ ಕಡೆಯೂ ಕಚ್ಚಿಕೊಂಡಿತು, ಗುಳಿಯಲ್ಲೂ. ಎಲ್ಲೂ ಪುಟ್ಟಿ ಮೆತ್ತಿ ಮುಚ್ಚಿರಲಿಲ್ಲ. ಚಾಸಿಯ ನಂಬರನ್ನು ಬಟ್ಟೆಯಲ್ಲಿ ಒರೆಸಿ ಆರ್‌ಸಿಯ ಜೊತೆ ಒಂದೊಂದೇ ಅಕ್ಷರ ಸೇರಿಸಿ ಓದಿದಳು.

"ನಾನೇ ಒಂದು ಹೇಳ್ಬಿಡ್ತೀನಿ ಡಾಕ್ಟ್ರಮ್ಮ" ಎಂದರು ಕಾಮಾಕ್ಷಮ್ಮ. "ಹಿಂದ್ಗಡೆ ಕೆಳಗೆ ಎಲ್ಲೋ ಟಕ್ ಅಂತ ಸದ್ದು ಬತ್ತದೆ. ಏನು ಅಂತ ನಂಗೊತ್ತಿಲ್ಲ. ಆಮೇಲೆ ಗೇರ್ ಪಕ್ಕದ ಆ ಸಣ್ಣ ಲಿವರು ಎರಡು ವರ್ಷದಿಂದ ಯಾರೂ ಮುಟ್ಟಿಲ್ಲ. ನಾಲ್ಕು ಚಕ್ರ ಕೆಲ್ಸ ಮಾಡ್ತದೋ ಇಲ್ವೋ ದೇವ್ರೇ ಬಲ್ಲ."

"ಅಮ್ಮಾ!" ಎಂದು ಹೊನ್ನೇಶ್ ಹಲ್ಲು ಕಚ್ಚಿದ.

"ಏನ್ಲಾ? ಇರೋದನ್ನ ಹೇಳಕ್ಕೇನು?"

ಸ್ಫೂರ್ತಿ ದುಪಟ್ಟವನ್ನು ಸೊಂಟಕ್ಕೆ ಬಿಗಿದು ಗಾಡಿಯ ಕೆಳಗೆ ತೂರಿದಳು. ಇಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಉದ್ದನೆಯ ಶಾಫ್ಟನ್ನು ಎರಡು ಕೈಯಲ್ಲಿ ಹಿಡಿದು ಆಚೀಚೆ ತಿರುವಿದಳು. ಟಕ್. ಶಾಫ್ಟಿನ ತುದಿಯ ಕ್ರಾಸ್ ಜಾಯಿಂಟು ಸವೆದಿತ್ತು. ಅಷ್ಟೇ. ಅರ್ಧ ದಿನದ ಕೆಲಸ. ಚಾಸಿಯಲ್ಲಿ ಮೇಲುಮೇಲಿನ ತುಕ್ಕು ಬಿಟ್ಟರೆ ಬಿರುಕಿಲ್ಲ, ವೆಲ್ಡಿಂಗ್ ಗುರುತಿಲ್ಲ. ಅವಳು ಹೊರಗೆ ಬಂದು ಮಾವನ ಕಡೆ ನೋಡಿದಳು. ರುದ್ರಮೂರ್ತಿ ಎಳನೀರು ಕುಡಿಯುತ್ತಾ ಅವಳನ್ನೇ ನೋಡುತ್ತಿದ್ದರು. ಕೆಮ್ಮಲಿಲ್ಲ.

"ಲಿವರ್ ನೋಡ್ಬೇಕಾದ್ರೆ ಮೆತ್ತನೆ ನೆಲ ಬೇಕು" ಎಂದಳು ಸ್ಫೂರ್ತಿ. "ಕೆರೆ ಅಂಗಳಕ್ಕೆ ಹೋಗೋಣ."

ನಾಲ್ವರೂ ಹತ್ತಿದರು. ಬುಕ್ಕಾಂಬುಧಿಯ ಕೆರೆ ಸಣ್ಣದಲ್ಲ. ನೀರು ಹಿಂದೆ ಸರಿದಿದ್ದ ಕಡೆ ಮೈದಾನದಂಥ ಅಂಗಳ ಬಿದ್ದಿತ್ತು, ಹುಲ್ಲು ಎದ್ದಿತ್ತು. ಸ್ಫೂರ್ತಿ ಗಾಡಿ ನಿಲ್ಲಿಸಿ ಸಣ್ಣ ಲಿವರನ್ನು ಎಳೆದಳು. ಕರ್ರೆಂದು ಹಲ್ಲು ಕಡಿದ ಸದ್ದು, ಆದರೆ ಅದು ಕೂರಲಿಲ್ಲ. ಮತ್ತೆ ಎಳೆದಳು. ಮತ್ತೆ ಕರ್ರ್.

"ಹೇಳಿದ್ನಲ್ಲ" ಎಂದ ಹೊನ್ನೇಶ್.

ಹಿಂದಿನ ಸೀಟಿನಿಂದ ಕೆಮ್ಮು ಕೇಳಿಸಿತು. ಅವತ್ತಿನ ಮೊದಲ ಕೆಮ್ಮು. ಸ್ಫೂರ್ತಿ ಕೈ ತೆಗೆದಳು. ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. ಬಹಳ ದಿನ ಮಲಗಿದ್ದ ಗೇರನ್ನು ನಿಂತ ಗಾಡಿಯಲ್ಲಿ ಬಲವಂತ ಮಾಡಬಾರದು. ನ್ಯೂಟ್ರಲ್ಲಿಗೆ ಹಾಕಿ, ಗಾಡಿಯನ್ನು ಒಂದು ಗೇಣು ಉರುಳಲು ಬಿಟ್ಟು, ಆಗ ತಳ್ಳಬೇಕು. ಅವಳು ಬ್ರೇಕಿನಿಂದ ಕಾಲೆತ್ತಿದಳು. ಗಾಡಿ ಇಳಿಜಾರಿನಲ್ಲಿ ಮೆಲ್ಲಗೆ ಸರಿಯಿತು. ಲಿವರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಕೂತಿತು. ಎದುರಿನ ಮೀಟರಿನಲ್ಲಿ ಹಸಿರು ದೀಪ ಹೊತ್ತಿಕೊಂಡಿತು.

"ಬಂತು!" ಎಂದು ಎಲ್ಲರಿಗಿಂತ ಮೊದಲು ಕೂಗಿದವರು ಕಾಮಾಕ್ಷಮ್ಮ.

ಆ ಕೂಗಿಗೆ ಉತ್ತರವೆಂಬಂತೆ ನೀರಿನ ಕಡೆಯಿಂದ ಬೇರೆ ಕೂಗು ಕೇಳಿಸಿತು. ಇಪ್ಪತ್ತು ಮೂವತ್ತು ಜನ ಗುಂಪುಗೂಡಿದ್ದರು. ಒಂದು ಟ್ರ್ಯಾಕ್ಟರು ಹಿಂದಿನ ಚಕ್ರದ ಅರ್ಧದವರೆಗೆ ಹೂತು ನಿಂತಿತ್ತು. ಅದರಾಚೆ ಹೂಳಿನಲ್ಲಿ, ಹೊಟ್ಟೆಯವರೆಗೂ ಮುಳುಗಿದ ಒಂದು ಬೂದು ಹಸು. ಅದರ ಮಾಲೀಕ ಮುದ್ದಪ್ಪ ಗಾಡಿಯಿಂದ ಇಳಿದ ಸ್ಫೂರ್ತಿಯನ್ನು ಕಂಡವನೇ ಓಡಿ ಬಂದ. ಹೋದ ವರ್ಷ ಅದೇ ಹಸುವಿಗೆ ಅವಳು ಔಷಧಿ ಕೊಟ್ಟಿದ್ದಳು.

"ಡಾಕ್ಟ್ರಮ್ಮ, ದೇವ್ರು ಬಂದಂಗೆ ಬಂದ್ರಿ! ನೀರಿಗೆ ಅಂತ ಇಳಿದಿದ್ದು, ಬೆಳಗ್ಗಿಂದ ಸಿಕ್ಕಾಕಂಡದೆ. ತುಂಬು ಗಬ್ಬ. ಜೆಸಿಬಿ ಬರೋದು ಸಂಜೆ ಅಂತೆ."

ಕೊಂಬಿಗೆ ಹಗ್ಗ ಬಿಗಿದು ಹತ್ತು ಜನ ಎಳೆಯುತ್ತಿದ್ದರು. ಹಸು ನಾಲಿಗೆ ಹೊರಚಾಚಿತ್ತು.

"ಬಿಡ್ರೀ ಹಗ್ಗ!" ಸ್ಫೂರ್ತಿಯ ದನಿಗೆ ಎಳೆಯುತ್ತಿದ್ದವರೆಲ್ಲ ಒಟ್ಟಿಗೆ ಕೈ ಬಿಟ್ಟರು. "ಹಂಗೆ ಎಳೆದ್ರೆ ಕತ್ತು ಮುರೀತದೆ. ಕಾಮಾಕ್ಷಮ್ಮನೋರೆ, ಗಾಡೀಲಿ ಹಗ್ಗ ಇದೆಯಾ?"

"ಹಗ್ಗ ಕೇಳ್ತೀರಾ? ಪಂಪು ಎತ್ತೋ ಹಗ್ಗ, ಪೈಪು ಬಿಗಿಯೋ ಅಗಲ ಪಟ್ಟಿ, ಎಲ್ಲಾ ಹಿಂದ್ಗಡೆ ಬಿದ್ದವೆ."

ಸ್ಫೂರ್ತಿ ಚಪ್ಪಲಿ ಕಳಚಿ ಹೂಳಿಗೆ ಇಳಿದಳು. ಮೊಣಕಾಲು, ತೊಡೆ, ಸೊಂಟ. ಹಸುವಿನ ಪಕ್ಕೆಗೆ ಕೈಯಿಟ್ಟಳು. ಒಳಗೆ ಕರು ಒಮ್ಮೆ ಒದೆಯಿತು. ಅವಳಿಗೆ ಅಷ್ಟು ಸಾಕಾಗಿತ್ತು. ಕೊಡದಲ್ಲಿ ನೀರು ತರಿಸಿ ಹಸುವಿನ ಕಾಲುಗಳ ಬುಡಕ್ಕೆ ಹುಯ್ಯಿಸಿದಳು. ಹೂಳು ಸಡಿಲವಾಗುವವರೆಗೆ ಗಂಡಸರಿಂದ ಕೈಯಲ್ಲೇ ಅಗೆಸಿದಳು. ಅಗಲ ಪಟ್ಟಿಯೊಂದನ್ನು ಮುಂಗಾಲಿನ ಹಿಂದೆ ಎದೆಯ ಸುತ್ತ, ಇನ್ನೊಂದನ್ನು ಹಿಂಭಾಗದ ಸುತ್ತ, ಹೊಟ್ಟೆಗೆ ಒತ್ತದಂತೆ ದಾಟಿಸಿ ಬಿಗಿದಳು. ರುದ್ರಮೂರ್ತಿ ಮಂಡಿ ನೋವು ಮರೆತು, ತೋಟದಿಂದ ಹೊತ್ತು ತಂದ ತೆಂಗಿನ ಗರಿಗಳನ್ನು ಗಾಡಿಯ ಚಕ್ರದ ಮುಂದೆ ಹಾಸಿಸುತ್ತಿದ್ದರು. ಗಾಡಿಯನ್ನು ಅರವತ್ತು ಅಡಿ ಹಿಂದೆ, ಗಟ್ಟಿ ನೆಲದ ಅಂಚಿಗೆ ನಿಲ್ಲಿಸಿ ಪಂಪಿನ ಹಗ್ಗದ ಒಂದು ತುದಿಯನ್ನು ಪಟ್ಟಿಗಳಿಗೂ ಇನ್ನೊಂದನ್ನು ಗಾಡಿಯ ಹಿಂದಿನ ಕೊಕ್ಕೆಗೂ ಕಟ್ಟಿಸಿದರು.

"ಯಾರು ಓಡ್ಸೋದು?" ಎಂದ ಹೊನ್ನೇಶ್.

"ತಗೊಳ್ಳೋಳು ಓಡ್ಸಲಿ" ಎಂದರು ರುದ್ರಮೂರ್ತಿ.

ಸ್ಫೂರ್ತಿ ಕೆಸರು ಸುರಿಯುವ ಬರಿಗಾಲಲ್ಲೇ ಸೀಟಿಗೆ ಏರಿದಳು. ನಾಲ್ಕು ಚಕ್ರ, ಲೋ ಗೇರು, ಒಂದನೇ ನಂಬರು. ಮಾವ ಎದುರಿಗೆ ನಿಂತು ಅಂಗೈಯನ್ನು ಮೆಲ್ಲಗೆ ತಮ್ಮ ಕಡೆ ಕರೆದರು. ಅವಳು ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟಳು. ಹಗ್ಗ ಕೆಸರಿನಿಂದ ಮೇಲೆದ್ದು ತಂತಿಯಂತೆ ಬಿಗಿಯಾಯಿತು. ಗಾಡಿ ನಡುಗಿತು. ಹಿಂದೆ ಟಕ್ ಎಂದಿತು. ಅವಳ ಎದೆಯೂ ಟಕ್ ಎಂದಿತು. ಈಗ ಆ ಜಾಯಿಂಟು ಮುರಿದರೆ? ಒಮ್ಮೆಲೇ ಜಗ್ಗಿದರೆ ಮುರಿಯುತ್ತದೆ, ಒಂದೇ ಸಮನೆ ಎಳೆದರೆ ತಡೆಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಎಕ್ಸಲರೇಟರಿಗೆ ಒಂದು ಬೆರಳಿನ ಭಾರ ಕೊಟ್ಟಳು. ನಾಲ್ಕು ಚಕ್ರಗಳೂ ಗರಿಗಳನ್ನು ಕಚ್ಚಿದವು. ಗಾಡಿ ಒಂದು ಗೇಣು ಮುಂದೆ ಹೋಯಿತು. ಇನ್ನೊಂದು ಗೇಣು. ಮೀಟರಿನಲ್ಲಿ ಬಿಸಿ ತೋರಿಸುವ ಮುಳ್ಳು ನಡುವಿನಿಂದ ಅಲುಗಲಿಲ್ಲ. ಇಂಜಿನ್ನು ತನಗೆ ಇದು ದಿನನಿತ್ಯದ ಕೆಲಸ ಎನ್ನುವಂತೆ ಒಂದೇ ಶ್ರುತಿಯಲ್ಲಿ ಗುಡುಗುತ್ತಿತ್ತು.

ಹಿಂದೆ ಹೂಳು ದೊಡ್ಡ ಸದ್ದು ಮಾಡಿ ಬಾಯಿ ಬಿಟ್ಟಿತು. "ಬತ್ತಾ ಅದೆ! ಬತ್ತಾ ಅದೆ ಕಣ್ರೋ!" ಎಂದು ಜನ ಕೂಗಿದರು. ಮುದ್ದಪ್ಪ ಹಸುವಿನ ತಲೆಯನ್ನು ಮಗುವಿನಂತೆ ತೋಳಲ್ಲಿ ಎತ್ತಿ ಹಿಡಿದು ಅದರ ಜೊತೆಯಲ್ಲೇ ಜಾರುತ್ತಾ ಬಂದ. ಎಮ್ಮೆ ಮಲಗುವಷ್ಟು ಗುಂಡಿ ಹಿಂದೆ ಬಿಟ್ಟು, ಹಸು ಹುಲ್ಲಿನ ಮೇಲೆ ಬಂದು ಬಿತ್ತು.

ಆಮೇಲಿನ ಅರ್ಧ ಗಂಟೆ ಸ್ಫೂರ್ತಿಗೆ ಗಾಡಿಯ ನೆನಪಿರಲಿಲ್ಲ. ತಾನು ಎಲ್ಲಿಗೆ ಹೋದರೂ ಬಿಡದ ಔಷಧಿ ಚೀಲ ತರಿಸಿ, ಹಸುವಿನ ಕತ್ತಿನ ನರಕ್ಕೆ ಗ್ಲೂಕೋಸ್ ಬಾಟಲಿ ಏರಿಸಿದಳು, ನೋವಿಗೆ ಇಂಜೆಕ್ಷನ್ ಕೊಟ್ಟಳು. ಒಣಹುಲ್ಲಿನಲ್ಲಿ ನಾಲ್ಕು ಜನ ನಾಲ್ಕು ಕಾಲು ತಿಕ್ಕಿದರು. ಎರಡನೇ ಬಾಟಲಿ ಮುಗಿಯುವಾಗ ಹಸು ತಲೆಯೆತ್ತಿತು. ಮೊದಲು ಹಿಂಗಾಲು, ಆಮೇಲೆ ಮುಂಗಾಲು, ಓಲಾಡುತ್ತಾ ನಿಂತಿತು. ನಿಂತದ್ದೇ ಮುದ್ದಪ್ಪನ ಹೆಗಲ ಮೇಲಿನ ಟವೆಲಿಗೆ ಬಾಯಿ ಹಾಕಿತು. ಇಡೀ ಕೆರೆಯಂಗಳ ನಕ್ಕಿತು. ಯಾರೋ ಶಿಳ್ಳೆ ಹೊಡೆದರು. ಅದೇ ಉಸಿರಿನಲ್ಲಿ ಆ ಬೂದು ಗಾಡಿ, ಹೂತಿದ್ದ ಟ್ರ್ಯಾಕ್ಟರನ್ನೂ ಎಳೆದು ಮೇಲೆ ಹಾಕಿತು.

ಜನ ಗಾಡಿಯ ಸುತ್ತ ಮುತ್ತಿಕೊಂಡರು. ಒಬ್ಬ ಚಕ್ರ ಮುಟ್ಟಿ ನೋಡಿದ, ಇನ್ನೊಬ್ಬ ಮಾರಾಟಕ್ಕಿದೆಯಾ ಎಂದು ವಿಚಾರಿಸಿದ. ಹೊನ್ನೇಶ್ ಕೈಕಟ್ಟಿ ನಿಂತು ಗಂಟಲು ಸರಿಮಾಡಿಕೊಂಡ.

"ಮೇಡಂ, ಫೋನಲ್ಲಿ ಹೇಳಿದ ರೇಟು ಬಿಡಿ. ಈಗ ನೀವೇ ನೋಡಿದ್ರಲ್ಲ, ಇದರ ತಾಕತ್ತೇ ಬೇರೆ."

"ಲೇ ಹೊನ್ನೇಶ" ಎಂದರು ಕಾಮಾಕ್ಷಮ್ಮ, ಊರಿಗೆಲ್ಲ ಕೇಳುವಂತೆ. "ಆಗ ಗುಜರಿ ಅಂದೋನು ನೀನು. ಇದರ ತಾಕತ್ತು ಹೊರಗೆ ತಂದೋಳು ಅವಳು. ನಮ್ಮನೇಲಿ ಎರಡು ವರ್ಷದಿಂದ ಒಬ್ಬರಾದ್ರೂ ಆ ಲಿವರ್ ಮುಟ್ಟಿದ್ರಾ?"

ಹೊನ್ನೇಶ್ ತಲೆ ತಗ್ಗಿಸಿದ. ಸ್ಫೂರ್ತಿ ಕೆಸರು ಮೆತ್ತಿದ ಕೈ ಒರೆಸಿಕೊಳ್ಳುತ್ತಾ, "ಆ ಜಾಯಿಂಟಿಗೆ ಸ್ವಲ್ಪ ಕಡಿಮೆ ಮಾಡಿ ಅಂತ ಕೇಳ್ಬೇಕು ಅಂದ್ಕೊಂಡಿದ್ದೆ ಅಮ್ಮ. ಈಗ ಕೇಳೋಕೆ ಮನಸ್ಸಿಲ್ಲ. ನೀವು ಹೇಳಿದ್ದಷ್ಟೇ ಕೊಡ್ತೀನಿ" ಎಂದಳು.

"ನೀನು ಕೇಳದಿದ್ರೆ ನಾನು ಬಿಡಬಾರ್ದಾ? ಜಾಯಿಂಟಿನ ಖರ್ಚು ನಂದು. ಆ ಹಗ್ಗ, ಪಟ್ಟಿ ಎಲ್ಲಾ ಗಾಡಿ ಜೊತೆಗೇ ಇರ್ಲಿ. ನಿಂಗೆ ಬೇಕಾಗ್ತವೆ."

ಬಂದಾಗ "ನೀವು" ಎಂದವರು ಈಗ "ನೀನು" ಎಂದದ್ದು ಸ್ಫೂರ್ತಿಗೆ ಹಿತವಾಯಿತು. ತೋಟದ ಮನೆಯ ಜಗಲಿಯಲ್ಲಿ ಕೂತು ಮಾರಾಟದ ಫಾರಂಗಳಿಗೆ ಸಹಿ ಹಾಕಿದರು. ಬ್ಯಾಂಕಿನಿಂದ ಹಣ ಬಂದ ಮೆಸೇಜನ್ನು ಹೊನ್ನೇಶ್ ಅಮ್ಮನಿಗೆ ಓದಿ ಹೇಳಿದ. ಸೋಮವಾರ ತರೀಕೆರೆಯ ಆರ್‌ಟಿಒ ಆಫೀಸಿನಲ್ಲಿ ಸಿಗುವುದೆಂದು ಮಾತಾಯಿತು. ಕಾಮಾಕ್ಷಮ್ಮ ಗಾಡಿಯ ಮುಂದೆ ನಿಂಬೆಹಣ್ಣು ಇಟ್ಟು, ಕುಂಕುಮ ಹಚ್ಚಿ, ಗುಳಿ ಬಿದ್ದ ಬಾಗಿಲನ್ನು ಒಮ್ಮೆ ಸವರಿ ಬೀಳ್ಕೊಟ್ಟರು.

ದಾರಿಯಲ್ಲಿ ರುದ್ರಮೂರ್ತಿ, "ನಲವತ್ತು ವರ್ಷದಲ್ಲಿ ಬೇಕಾದಷ್ಟು ಗಾಡಿ ನೋಡಿದೀನಿ ಕಣಮ್ಮ. ಹಿಂಗೆ ಯಾರೂ ನೋಡಿದ್ದಿಲ್ಲ" ಎಂದರು. ಸ್ಫೂರ್ತಿಗೆ ರಸ್ತೆ ಒಂದು ಕ್ಷಣ ಮಂಜಾಗಿ ಕಂಡಿತು. ಅವಳು ರೆಪ್ಪೆ ಬಡಿದು ಸ್ಟೀರಿಂಗ್ ಗಟ್ಟಿಯಾಗಿ ಹಿಡಿದಳು.

ಅಜ್ಜಂಪುರ ಮುಟ್ಟುವ ಹೊತ್ತಿಗೆ ರೈಲ್ವೆ ಗೇಟು ಹಾಕಿತ್ತು. ಪಕ್ಕದಲ್ಲಿ ಈರುಳ್ಳಿ ತುಂಬಿದ ಲಾರಿ ಬಂದು ನಿಂತಿತು. ಅದರ ಡ್ರೈವರು ಕಿಟಕಿಯಿಂದ ಬಗ್ಗಿ, ಕಿಟಕಿಯವರೆಗೂ ಹೂಳು ಮೆತ್ತಿದ ಆ ಎತ್ತರದ ಗಾಡಿಯನ್ನು ಹಿಂದಿನಿಂದ ಮುಂದಿನವರೆಗೆ ಕಣ್ಣಲ್ಲೇ ಅಳೆದ. ಆಮೇಲೆ ಪಕ್ಕದಲ್ಲಿ ಕೂತಿದ್ದ ರುದ್ರಮೂರ್ತಿಯವರನ್ನು ಕೇಳಿದ:

"ಭಾರೀ ಗಾಡಿ ಯಜಮಾನ್ರೇ. ಯಾರದು?"

ರುದ್ರಮೂರ್ತಿ ಸ್ಫೂರ್ತಿ ಕಾಣುವಂತೆ ಕಿಟಕಿಯಿಂದ ಹಿಂದಕ್ಕೆ ಸರಿದು ಕೂತರು.

"ನಂದು ಕಣಪ್ಪ" ಎಂದಳು ಸ್ಫೂರ್ತಿ. ಗೇಟು ಮೇಲೆದ್ದಿತು.